ಕಂಕನಾಡಿಯ ಗುಡ್ಡದ ಮೇಲೆ ಬಡವರ ಔಷಧಾಲಯ

ಗರಗದ ಮಡಿವಾಳೇಶ್ವರರ ಮಠದ ಆಸುಪಾಸಿನಲ್ಲಿ ಬೆಳೆದ ಧಾರವಾಡ ಸೀಮೆಯ ಜನ ಸಂನ್ಯಾಸಿಯ ಹಿರಿಮೆಯನ್ನು ಅಳೆಯುವ ಬಗೆ ನೇರವಾದದ್ದು. ಪಾಂಡಿತ್ಯದ ಮಾತು, ಪೀಠದ ಮಾತು ಆಮೇಲೆ. ಮಠದ ಒಲೆ ದಿನವೂ ಹೊತ್ತುತ್ತದೆಯೇ, ಹೊತ್ತಲ್ಲದ ಹೊತ್ತಿನಲ್ಲಿ ಬಂದವನಿಗೂ ಪ್ರಸಾದ ಸಿಗುತ್ತದೆಯೇ, ದಿಕ್ಕಿಲ್ಲದವರ ಮಕ್ಕಳು ಅಲ್ಲಿದ್ದು ನಾಲ್ಕಕ್ಷರ ಕಲಿಯುತ್ತಾರೆಯೇ ಎಂದು ಮೊದಲು ಕೇಳುತ್ತಾರೆ. ಮನೆಮಾರು ಬಿಟ್ಟು ಬಂದವನು ಊರಿಗೆಲ್ಲ ಮನೆಯವನಾಗಬೇಕು ಎಂಬುದು ಈ ಪ್ರಶ್ನೆಗಳ ಹಿಂದಿರುವ ನಂಬಿಕೆ. ಅದೇ ಅಳತೆಗೋಲು ಹಿಡಿದು ಕರಾವಳಿಯ ಕಡೆ ನೋಡಿದರೆ ಮಂಗಳೂರಿನ ಕಂಕನಾಡಿಯಲ್ಲಿ ಒಬ್ಬ ಕಥೋಲಿಕ ಗುರುಗಳು ಕಾಣುತ್ತಾರೆ. ಅವರು ಜರ್ಮನಿಯಲ್ಲಿ ಹುಟ್ಟಿದವರು, ಯೇಸು ಸಭೆಯ ವ್ರತ ತೊಟ್ಟವರು. ಬದುಕಿನ ಕೊನೆಯ ಮೂವತ್ತೆರಡು ವರ್ಷಗಳನ್ನು ದಕ್ಷಿಣ ಕನ್ನಡದ ರೋಗಿಗಳ ನಡುವೆ ಕಳೆದವರು. ಅವರೇ ಫಾದರ್ ಆಗಸ್ಟಸ್ ಮುಲ್ಲರ್.

ಅವರು 1880ರಲ್ಲಿ ತೆರೆದ ಹೋಮಿಯೋಪಥಿಕ್ ಬಡವರ ಔಷಧಾಲಯಕ್ಕೆ 2030ರಲ್ಲಿ ನೂರೈವತ್ತು ವರ್ಷ ತುಂಬುತ್ತದೆ. ಆ ಹೊಸ್ತಿಲಲ್ಲಿ ನಿಂತು ಹಿಂದಿರುಗಿ ನೋಡಿದರೆ ಒಬ್ಬ ವ್ಯಕ್ತಿಯ ಕರುಣೆ ಎದ್ದು ಕಾಣುತ್ತದೆ. ಆ ಕರುಣೆಯನ್ನು ಸಂಸ್ಥೆಯಾಗಿ ನಿಲ್ಲಿಸಿದ್ದು ಅವರು ಸೇರಿದ್ದ ಸಭೆಯ ಶಿಸ್ತು. ವ್ಯಕ್ತಿ ಮತ್ತು ಸಭೆ ಎರಡನ್ನೂ ಒಟ್ಟಿಗೆ ನೆನೆಯುವುದು ಈ ಲೇಖನದ ಉದ್ದೇಶ.

ಹಿನ್ನೆಲೆ: 1540ರಿಂದ 1878

ಸ್ಪೇನಿನ ಲೊಯೋಲದ ಇಗ್ನೇಷಿಯಸರು ಕಟ್ಟಿದ ಯೇಸು ಸಭೆಗೆ 1540ರಲ್ಲಿ ಪೋಪರ ಒಪ್ಪಿಗೆ ದೊರೆಯಿತು. ಈ ಸಭೆಯವರನ್ನೇ ಜನ ಜೆಸ್ವಿಟರು ಎನ್ನುತ್ತಾರೆ. ಸಭೆಗೆ ಸೇರುವವನು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ಕೈಗೊಳ್ಳಬೇಕು. ದುಡಿದದ್ದು ಸಭೆಗೆ ಸೇರಬೇಕು, ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗಬೇಕು, ಒಪ್ಪಿಸಿದ ಕೆಲಸ ಮಾಡಬೇಕು. 1773ರಲ್ಲಿ ರೋಮ್ ಈ ಸಭೆಯನ್ನೇ ವಿಸರ್ಜಿಸಿ 1814ರಲ್ಲಿ ಮತ್ತೆ ಸ್ಥಾಪಿಸಿತು. 1872ರಲ್ಲಿ ಜರ್ಮನಿ ಕಾನೂನು ಮಾಡಿ ಜೆಸ್ವಿಟರನ್ನು ದೇಶದಿಂದ ಹೊರಹಾಕಿತು. ಹೀಗೆ ಚದುರಿದವರು ಹೋದಲ್ಲೆಲ್ಲ ಶಾಲೆ ಕಾಲೇಜುಗಳನ್ನು ಕಟ್ಟಿದರು.

ಇತ್ತ ಮಂಗಳೂರಿನ ಕಥೋಲಿಕರೂ ದೊಡ್ಡ ಆಘಾತವೊಂದನ್ನು ದಾಟಿ ಬಂದಿದ್ದರು. 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ ಸಮುದಾಯ 1799ರ ನಂತರ ಮರಳಿ ಬಂದು ಇಗರ್ಜಿಗಳನ್ನೂ ಗದ್ದೆ ತೋಟಗಳನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಕಾರ್ಮೆಲ್ ಸಭೆಯ ಗುರುಗಳು ಆ ಕಷ್ಟಕಾಲದಲ್ಲಿ ಅವರ ಜೊತೆಗಿದ್ದರು. 1870ರ ಹೊತ್ತಿಗೆ ಊರಿನ ಅಗತ್ಯಗಳು ಬೇರೆಯಾದವು. ಮದ್ರಾಸು ಪ್ರಾಂತ್ಯದ ಒಂದು ಮೂಲೆಯಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಸರ್ಕಾರಿ ನೌಕರಿ ಮತ್ತು ವಕೀಲಿಗೆ ವಿಶ್ವವಿದ್ಯಾಲಯದ ಓದು ಬೇಕಾಗಿತ್ತು. ಹುಡುಗರಿಗೊಂದು ಕಾಲೇಜು ಬೇಕು, ಅದಕ್ಕೆ ಜೆಸ್ವಿಟರನ್ನು ಕಳಿಸಿ ಎಂದು ಮಂಗಳೂರಿನವರು ರೋಮಿಗೆ ಮನವಿ ಮಾಡಿಕೊಂಡರು. ಆಡಳಿತ ಒಂದು ಸಭೆಯಿಂದ ಇನ್ನೊಂದಕ್ಕೆ ಹೋಗುವಾಗ ಅಭಿಪ್ರಾಯ ಭೇದಗಳು ಬಂದವು, ಕಾಲ ಕಳೆದಂತೆ ಅವು ತಿಳಿಯಾದವು. ಕಾರ್ಮೆಲ್ ಗುರುಗಳು ಹಾಕಿದ ತಳಪಾಯದ ಮೇಲೆಯೇ ಮುಂದಿನವರು ಕಟ್ಟಿದರು ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

1878–1880: ಮೊದಲ ತಂಡ

1878ರ ಸೆಪ್ಟೆಂಬರಿನಲ್ಲಿ ಪೋಪ್ 13ನೆಯ ಲಿಯೋ ಅವರ ಆಜ್ಞೆಯಂತೆ ಮಂಗಳೂರು ಮಿಷನ್ ಜೆಸ್ವಿಟರಿಗೆ ಒಪ್ಪಿಸಲ್ಪಟ್ಟಿತು. ಹೊಣೆ ಇಟಲಿಯ ವೆನಿಸ್ ಪ್ರಾಂತ್ಯದ ಮೇಲೆ ಬಿತ್ತು. ಅದೇ ವರ್ಷದ ಡಿಸೆಂಬರ್ 31ರಂದು ಮೊದಲ ತಂಡ ಮಂಗಳೂರಿನಲ್ಲಿ ಇಳಿಯಿತು. ಆಗ ಊರಿಗೆ ರೈಲಿರಲಿಲ್ಲ, ಅದು ಬಂದದ್ದು 1907ರಲ್ಲಿ. ಮಳೆಗಾಲದಲ್ಲಿ ಬಂದರು ಮುಚ್ಚುತ್ತಿತ್ತು. ಘಟ್ಟದ ಮೇಲಿನ ಊರುಗಳಿಗೆ ಹೋಗಲು ಎತ್ತಿನ ಗಾಡಿಯೇ ಗತಿ.

ತಂಡದಲ್ಲಿದ್ದ ಫಾದರ್ ಮುಲ್ಲರರಿಗೆ ಆಗ 37 ವರ್ಷ. ಅವರು ಹುಟ್ಟಿದ್ದು ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ, 1841ರ ಮಾರ್ಚ್ 13ರಂದು. ಅವರು ವೈದ್ಯ ಪದವಿಗಾಗಿ ಓದಿದವರಲ್ಲ. ಕಾಲೇಜಿನಲ್ಲಿ ಪಾಠ ಹೇಳಬೇಕು, ಗುರುವಾಗಿ ಬಲಿಪೂಜೆ ಅರ್ಪಿಸಬೇಕು ಎಂದು ಕಳಿಸಲ್ಪಟ್ಟವರು. ಹೋಮಿಯೋಪಥಿಯ ತಿಳಿವಳಿಕೆ ಇದ್ದುದರಿಂದ ಗುಳಿಗೆಗಳ ಒಂದು ಪೆಟ್ಟಿಗೆ ಜೊತೆಗಿತ್ತು.

ಬಂದ ಕೆಲವೇ ವರ್ಷಗಳಲ್ಲಿ ತಂಡ ಹಲವು ಕೆಲಸ ಹೂಡಿತು. 1879ರ ಜನವರಿಯಲ್ಲಿ ಗುರುಗಳ ತರಬೇತಿಗೆ ಸೆಮಿನರಿ ತೆರೆಯಿತು. ಮುಂದೆ ಅದು ಜೆಪ್ಪುವಿನಲ್ಲಿ ನೆಲೆ ನಿಂತಿತು. 1880ರ ಜನವರಿ 12ರಂದು ಕೊಡಿಯಾಲಬೈಲಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಬಾವುಟಗುಡ್ಡದ ಮೇಲಿನ ಅದರ ಕಟ್ಟಡಕ್ಕೆ 1882ರಲ್ಲಿ ತಳಗಲ್ಲು ಬಿತ್ತು. ಅದೇ ವರ್ಷ ಕೊಡಿಯಾಲಬೈಲು ಅಚ್ಚುಕೂಟವೂ ಬಂತು. ಫಾದರ್ ಆಂಜೆಲೊ ಮಾಫೆಯಿ ಕೊಂಕಣಿ ವ್ಯಾಕರಣ ಬರೆದು 1883ರಲ್ಲಿ ಕೊಂಕಣಿ ನಿಘಂಟು ಹೊರತಂದರು. ಒಬ್ಬರು ಪಾಠಕ್ಕೆ, ಒಬ್ಬರು ಅಚ್ಚಿಗೆ, ಒಬ್ಬರು ಭಾಷೆಗೆ ಎಂದು ಹಂಚಿಕೊಂಡ ಈ ದುಡಿಮೆಯಲ್ಲಿ ರೋಗಿಗಳ ಪಾಲು ಮುಲ್ಲರರದಾಯಿತು.

1880–1890: ಗುಳಿಗೆಯಿಂದ ಔಷಧಾಲಯ

ಪಾಠದ ಬಿಡುವಿನಲ್ಲಿ ಕೇಳಿ ಬಂದವರಿಗೆ ಮುಲ್ಲರ್ ಗುಳಿಗೆ ಕೊಡುತ್ತಿದ್ದರು. ಸುದ್ದಿ ಹಬ್ಬಿ ಜನ ಹೆಚ್ಚಾದರು. ಕಂಕನಾಡಿಯ ಗುಡ್ಡದಲ್ಲಿ ಆಲದ ಮರದ ಕೆಳಗೆ ಅವರು ರೋಗಿಗಳನ್ನು ನೋಡುತ್ತಿದ್ದರೆಂಬ ಮಾತು ಸಂಸ್ಥೆಯ ನೆನಪಿನಲ್ಲಿ ಇಂದಿಗೂ ಇದೆ. ಅಲ್ಲಿ ರೂಪುಗೊಂಡದ್ದೇ ಹೋಮಿಯೋಪಥಿಕ್ ಬಡವರ ಔಷಧಾಲಯ.

ಅಂದಿನ ಸ್ಥಿತಿಯನ್ನು ನೆನೆಸಿಕೊಂಡರೆ ಈ ಜನಸಂದಣಿಯ ಕಾರಣ ತಿಳಿಯುತ್ತದೆ. ಮಲೇರಿಯಾ ಜ್ವರಕ್ಕೆ ಕ್ವಿನೈನ್ ಇತ್ತು, ಸಿಡುಬಿಗೆ ಮೈಲಿ ಹಾಕುತ್ತಿದ್ದರು. ಸೋಂಕು ರೋಗಗಳಿಗೆ ಇಂದು ನಾವು ನುಂಗುವ ಔಷಧಿಗಳಲ್ಲಿ ಹೆಚ್ಚಿನವು ಹುಟ್ಟಿರಲೇ ಇಲ್ಲ. ಆಸ್ಪತ್ರೆಯೆಂದರೆ ಸಾಯಲು ಹೋಗುವ ಜಾಗ ಎಂಬ ಭಯ ಹಳ್ಳಿಗಳಲ್ಲಿ ಆಳವಾಗಿತ್ತು. ಅಂಥಲ್ಲಿ ಒಬ್ಬರು ಕೂರಿಸಿಕೊಂಡು, ನೋವು ಎಲ್ಲಿ, ಯಾವಾಗಿನಿಂದ, ರಾತ್ರಿ ಹೆಚ್ಚೋ ಹಗಲು ಹೆಚ್ಚೋ, ಹಸಿವಿದೆಯೋ ಇಲ್ಲವೋ ಎಂದು ಒಂದೊಂದಾಗಿ ವಿಚಾರಿಸುವುದೇ ದೊಡ್ಡದಿತ್ತು. ಹೋಮಿಯೋಪಥಿಯ ಪದ್ಧತಿಯೇ ಹಾಗೆ: ರೋಗದ ಹೆಸರಿಗಿಂತ ರೋಗಿಯ ಲಕ್ಷಣಗಳನ್ನು ಹಿಡಿದು ಮದ್ದು ಆರಿಸಬೇಕು. ಮೂಲ ದ್ರವ್ಯವನ್ನು ಮದ್ಯಸಾರದಲ್ಲಿ ಮತ್ತೆ ಮತ್ತೆ ತೆಳುಗೊಳಿಸಿ, ಸಾಸಿವೆಕಾಳಿನಷ್ಟು ಸಣ್ಣ ಸಕ್ಕರೆ ಗುಳಿಗೆಗಳಿಗೆ ಆ ದ್ರವವನ್ನು ಹೀರಿಸಿ, ಬಿರಡೆ ಹಾಕಿದ ಸಣ್ಣ ಸೀಸೆಗಳಲ್ಲಿ ತುಂಬಿ, ಹೆಸರಿನ ಚೀಟಿ ಅಂಟಿಸಿ ಇಡುತ್ತಾರೆ. ಸಿಹಿಯಾದ್ದರಿಂದ ಮಕ್ಕಳೂ ಮುಖ ಸಿಂಡರಿಸದೆ ನುಂಗುತ್ತವೆ. ಈ ಪದ್ಧತಿಯ ಗುಣದ ಬಗ್ಗೆ ವೈದ್ಯವಿಜ್ಞಾನದಲ್ಲಿ ಆಕ್ಷೇಪ ಆಗಲೂ ಇತ್ತು, ಈಗಲೂ ಬಲವಾಗಿದೆ. ಆದರೆ ಮುಲ್ಲರರ ಬಾಗಿಲಿಗೆ ಬಂದವರಿಗೆ ಗುಳಿಗೆಯ ಜೊತೆಗೆ ಪಥ್ಯ, ಶುಚಿ, ಆರೈಕೆ ಮತ್ತು ಕಿವಿಗೊಟ್ಟು ಕೇಳುವ ಒಬ್ಬರು ಸಿಕ್ಕರು.

ಇದಕ್ಕೆಲ್ಲ ಹಣ ಎಲ್ಲಿಂದ ಬಂತು? ಅವರ ಬಡತನದ ವ್ರತ ಇಲ್ಲಿ ಕೆಲಸಕ್ಕೆ ಬಂತು. ಬಡವರಿಗೆ ಉಚಿತವಾಗಿ ಕೊಡುವ ಔಷಧಿಗಳನ್ನೇ ಅನುಕೂಲಸ್ಥರಿಗೆ ಮಾರುವ ಏರ್ಪಾಡು ಮಾಡಿದರು. ಭಾರತದ ಅಂಚೆ ಇಲಾಖೆ 1877ರಲ್ಲಿ ವಿ.ಪಿ. ಪದ್ಧತಿ ತಂದಿತ್ತು. ಪಾರ್ಸೆಲ್ ಮನೆಗೆ ಬಂದಾಗ ದುಡ್ಡು ಕೊಟ್ಟರೆ ಸಾಕು. ದೂರದ ಊರುಗಳಿಗೆ ಔಷಧಿ ಮಾರುವವರಿಗೆಲ್ಲ ಇದರಿಂದ ದಾರಿ ತೆರೆಯಿತು. ಕಂಕನಾಡಿಯಿಂದ ಔಷಧಿಯ ಪೆಟ್ಟಿಗೆಗಳು, ಬಳಸುವ ಕ್ರಮ ತಿಳಿಸುವ ಸಣ್ಣ ಪುಸ್ತಿಕೆಗಳು ಅಂಚೆಯಲ್ಲಿ ದೇಶದ ನಾನಾ ಮೂಲೆಗಳಿಗೆ ಹೋದವು. ಬಂದ ಲಾಭದಲ್ಲಿ ಅವರಿಗೆ ಸ್ವಂತದ್ದೆಂಬ ಪಾಲಿರಲಿಲ್ಲ. ಹಂಚಿಕೊಳ್ಳಲು ಹೆಂಡತಿ ಮಕ್ಕಳಿರಲಿಲ್ಲ, ಹೆಸರಿನಲ್ಲಿ ಆಸ್ತಿ ಮಾಡುವಂತಿರಲಿಲ್ಲ. ಇಡೀ ಮೊತ್ತ ಮುಂದಿನ ಕೆಲಸಕ್ಕೆ ಸಂದಿತು.

1890: ಕುಷ್ಠರೋಗಿಗಳಿಗೆ ಸೂರು

ಆ ಮುಂದಿನ ಕೆಲಸ ಯಾರೂ ಹತ್ತಿರ ಸುಳಿಯದ ಜನರದ್ದಾಗಿತ್ತು. ಕುಷ್ಠಕ್ಕೆ ಒಂದು ಸೂಕ್ಷ್ಮಾಣು ಕಾರಣವೆಂದು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡುಕೊಂಡಿದ್ದರು. ನಮ್ಮ ಊರುಗಳಲ್ಲಿ ಅದು ಇನ್ನೂ ಪಾಪದ ಫಲವೇ ಆಗಿತ್ತು. ರೋಗ ತಗಲಿದವರನ್ನು ಮನೆಯವರೇ ಹೊರಗೆ ಹಾಕುತ್ತಿದ್ದರು. ಜಾತ್ರೆಗಳಲ್ಲಿ, ಗುಡಿ ಇಗರ್ಜಿಗಳ ಮೆಟ್ಟಿಲ ಬದಿಯಲ್ಲಿ ಭಿಕ್ಷೆಗೆ ಕೂರುವುದೇ ಅವರ ಬಾಳು. ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತ ಅದೇ ರೋಗ ತಗಲಿ ಫಾದರ್ ಡೇಮಿಯನ್ ತೀರಿಕೊಂಡದ್ದು 1889ರ ಏಪ್ರಿಲಿನಲ್ಲಿ. ಆ ಸಾವು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಮರುವರ್ಷ, 1890ರಲ್ಲಿ, ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳ ಆಶ್ರಯ ತೆರೆಯಿತು.

ಅಲ್ಲಿ ನಡೆಯಬೇಕಾಗಿದ್ದ ಕೆಲಸ ಎಂಥದೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಕುಷ್ಠ ನರಗಳನ್ನು ಹಿಡಿದಾಗ ಕೈಕಾಲಿನ ಅರಿವು ಹೋಗುತ್ತದೆ. ಅಂಗಾಲಿಗೆ ಮುಳ್ಳು ಹೊಕ್ಕರೂ ತಿಳಿಯದು, ಬಿಸಿ ಗಡಿಗೆ ಹಿಡಿದು ಬೆರಳು ಸುಟ್ಟರೂ ತಿಳಿಯದು. ನೋವಿಲ್ಲದ ಗಾಯವನ್ನು ಯಾರೂ ಲೆಕ್ಕಿಸುವುದಿಲ್ಲ. ಅದು ಹುಣ್ಣಾಗಿ, ಕೀವಾಗಿ, ಎಲುಬು ತಿನ್ನುತ್ತದೆ. ಆದ್ದರಿಂದ ದಿನಾ ಪಾದಗಳನ್ನು ನೀರಲ್ಲಿ ನೆನೆಸಿ, ಸತ್ತ ಚರ್ಮ ತೆಗೆದು, ಹುಣ್ಣು ತೊಳೆದು, ಹೊಸ ಬಟ್ಟೆ ಸುತ್ತಬೇಕು. ಮರುದಿನ ಮತ್ತೆ ಅಷ್ಟೂ ಮಾಡಬೇಕು. ಚಾಲಮೋಗ್ರ ಎಣ್ಣೆ ಬಿಟ್ಟರೆ ಆ ಕಾಲದಲ್ಲಿ ವೈದ್ಯರ ಕೈಯಲ್ಲಿ ಹೇಳಿಕೊಳ್ಳುವಂಥ ಮದ್ದಿರಲಿಲ್ಲ. ಫಲ ಕೊಡುವ ಡ್ಯಾಪ್ಸೋನ್ ಬಂದದ್ದು 1940ರ ದಶಕದಲ್ಲಿ. ಅಲ್ಲಿಯವರೆಗಿನ ಅರ್ಧ ಶತಮಾನ ಈ ಸೇವೆ ವಾಸಿಯಾಗುವ ಭರವಸೆಯಿಲ್ಲದೆಯೇ ನಡೆಯಬೇಕಾಗಿತ್ತು. ವ್ರತಕ್ಕೆ ಕಟ್ಟುಬಿದ್ದು ಒಬ್ಬರ ನಂತರ ಒಬ್ಬರು ಬಂದು ನಿಲ್ಲುವ ಗುರುಗಳು ಮತ್ತು ಸಿಸ್ಟರುಗಳು ಇಲ್ಲದಿದ್ದರೆ ಇಷ್ಟು ದೀರ್ಘ ತಾಳ್ಮೆ ಸಾಧ್ಯವಿರಲಿಲ್ಲ.

1895–1910: ಆಸ್ಪತ್ರೆ ಮತ್ತು ಪ್ಲೇಗಿನ ವರ್ಷಗಳು

1895ರಲ್ಲಿ ಕಂಕನಾಡಿಯ ಕೆಲಸ ಸಾಮಾನ್ಯ ಆಸ್ಪತ್ರೆಯ ರೂಪ ಪಡೆಯಿತು. ಗುಳಿಗೆ ತೆಗೆದುಕೊಂಡು ಮನೆಗೆ ಹೋಗುವಷ್ಟು ತ್ರಾಣವಿಲ್ಲದವರಿಗೆ ಮಲಗಲು ಜಾಗ ಸಿಕ್ಕಿತು. ಆ ಹೊತ್ತಿಗೆ ಸುತ್ತಲಿನ ಚರ್ಚಿನ ಜೀವನವೂ ಬೆಳೆದಿತ್ತು. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾಯಿತು, ಮೊದಲ ತಂಡದ ಕಾಲದಿಂದಲೇ ಮಿಷನ್ನಿನ ಕೆಲಸ ನೋಡಿಕೊಂಡಿದ್ದ ನಿಕೋಲಸ್ ಪಗಾನಿ ಅದರ ಬಿಷಪರಾದರು. 1887ರಲ್ಲಿ ಫಾದರ್ ಅರ್ಬನ್ ಸ್ಟೈನ್ ಉರ್ಸುಲೈನ್ ಫ್ರಾನ್ಸಿಸ್ಕನ್ ಸಿಸ್ಟರುಗಳ ಸಭೆಯನ್ನು ಮಂಗಳೂರಿನಲ್ಲೇ ಸ್ಥಾಪಿಸಿದರು. 1899ರಿಂದ 1901ರವರೆಗೆ ಬ್ರದರ್ ಆಂಟೋನಿಯೊ ಮೊಸ್ಕೇನಿ ಅಲೋಶಿಯಸ್ ಚಾಪೆಲಿನ ಗೋಡೆ ಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದರು. ಒಂದು ಗುಡ್ಡದ ಮೇಲೆ ಬ್ರದರ್ ಒಬ್ಬರು ಅಟ್ಟಣಿಗೆ ಹತ್ತಿ ಸಂತರ ಮುಖ ಬರೆಯುತ್ತಿದ್ದ ವರ್ಷಗಳಲ್ಲಿಯೇ ಇನ್ನೊಂದು ಗುಡ್ಡದ ಮೇಲೆ ಅವರ ಸಭೆಯ ಇನ್ನೊಬ್ಬರು ಹುಣ್ಣು ತೊಳೆಯುವ ಮನೆ ನಡೆಸುತ್ತಿದ್ದರು. ಸಭೆಯ ಲೆಕ್ಕದಲ್ಲಿ ಎರಡೂ ಒಂದೇ ದೇವರ ಕೆಲಸ.

ಅಷ್ಟರಲ್ಲಿ ಪ್ಲೇಗು ಬಂತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಅದು 1898ರಲ್ಲಿ ಹುಬ್ಬಳ್ಳಿ–ಧಾರವಾಡವನ್ನು ಹಿಂಡಿತು. ನಮ್ಮ ಹಳ್ಳಿಗಳಲ್ಲಿ ಇಲಿ ಬಿದ್ದ ಸುದ್ದಿ ಕೇಳಿದರೆ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವದು. ಅದನ್ನು ಕಂಡ ಹಿರಿಯರ ಮಾತನ್ನು ಕೇಳಿ ಬೆಳೆದ ತಲೆಮಾರು ನಮ್ಮಲ್ಲಿ ಇನ್ನೂ ಇದೆ. 1902ರಲ್ಲಿ ಪ್ಲೇಗು ಮಂಗಳೂರನ್ನು ಮುಟ್ಟಿತು. ಸರ್ಕಾರದ ಪ್ರತ್ಯೇಕ ಶಿಬಿರಗಳಿಗೆ ಹೋಗಲು ಜನ ಹೆದರುತ್ತಿದ್ದರು. ಗಂಡ ಹೆಂಡಿರನ್ನು, ತಾಯಿ ಮಕ್ಕಳನ್ನು ಬೇರೆ ಮಾಡುತ್ತಾರೆಂಬ ಭಯ ದೇಶದ ಎಲ್ಲ ಕಡೆಯೂ ಇತ್ತು. ಕಂಕನಾಡಿಯಲ್ಲಿ ಮುಲ್ಲರ್ ಪ್ಲೇಗಿನವರಿಗೆ ಬೇರೆ ಆಸ್ಪತ್ರೆಯ ಏರ್ಪಾಡು ಮಾಡಿದರು. ಇಪ್ಪತ್ತೆರಡು ವರ್ಷಗಳಿಂದ ಮುಖ ಪರಿಚಯವಿದ್ದ ಗುರುಗಳು ಕರೆದರೆ ಹೋಗಬಹುದು ಎಂಬ ನಂಬಿಕೆ ಜನಕ್ಕಿತ್ತು. ಸೋಂಕಿನ ದಿನಗಳಲ್ಲಿ ಆಸ್ಪತ್ರೆಯೊಂದು ಗಳಿಸಬಹುದಾದ ದೊಡ್ಡ ಆಸ್ತಿ ಇದು. ಒಂದು ವರ್ಷದಲ್ಲಿ ಅದನ್ನು ಕಟ್ಟಲಾಗದು.

1907ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಜನಸೇವೆಗಾಗಿ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ತೀರಿಕೊಂಡರು. ಆಗ ಅವರಿಗೆ 69 ವರ್ಷ.

1910–1985: ಸ್ಥಾಪಕರ ನಂತರ

ಒಬ್ಬ ವ್ಯಕ್ತಿ ಕಟ್ಟಿದ ಸಂಸ್ಥೆಗೆ ಆ ವ್ಯಕ್ತಿ ಹೋದ ಮೇಲೆಯೇ ನಿಜವಾದ ಪರೀಕ್ಷೆ. ಇಲ್ಲಿ ವಾರಸುದಾರಿಕೆಯ ವ್ಯಾಜ್ಯ ಏಳುವ ಸಂಭವವೇ ಇರಲಿಲ್ಲ. ಆಸ್ಪತ್ರೆ ಅವರದ್ದಾಗಿರಲಿಲ್ಲ, ಸಭೆ ಅವರಿಗೆ ಒಪ್ಪಿಸಿದ್ದ ಹೊಣೆಯಾಗಿತ್ತು. ಇನ್ನೊಬ್ಬರು ಬಂದು ಅದೇ ಹೊಣೆ ಹೊತ್ತರು. 1923ರಲ್ಲಿ ಕಲ್ಲಿಕೋಟೆ ಬೇರೆ ಧರ್ಮಪ್ರಾಂತ್ಯವಾದಾಗ ಇಟಲಿಯ ಜೆಸ್ವಿಟರು ಅತ್ತ ತೆರಳಿದರು. ಮಂಗಳೂರು ಧರ್ಮಪ್ರಾಂತ್ಯದ ಭಾರ ಊರಿನಲ್ಲೇ ಹುಟ್ಟಿದ ಗುರುಗಳ ಹೆಗಲಿಗೆ ಬಂತು. ಕಾಲಕ್ರಮದಲ್ಲಿ ಕಂಕನಾಡಿಯ ಆಸ್ಪತ್ರೆಯೂ ಧರ್ಮಪ್ರಾಂತ್ಯದ ಆಡಳಿತಕ್ಕೆ ಸೇರಿತು. ಜರ್ಮನಿಯ ಗುರು ತೆರೆದ ಔಷಧಾಲಯ ತುಳುನಾಡಿನ ಮಕ್ಕಳ ಕೈಯಲ್ಲಿ ಮುಂದುವರಿಯಿತು.

ಚಿಕಿತ್ಸೆಯ ಸ್ವರೂಪವೂ ಬದಲಾಯಿತು. ಶಸ್ತ್ರಚಿಕಿತ್ಸೆ, ಹೆರಿಗೆ, ಎಕ್ಸ್‌ರೇ, ಪ್ರತಿಜೈವಿಕ ಔಷಧಿಗಳ ಕಾಲದಲ್ಲಿ ಅಲೋಪಥಿ ವಿಭಾಗವೇ ಆಸ್ಪತ್ರೆಯ ಮುಖ್ಯ ಅಂಗವಾಯಿತು. ಸ್ಥಾಪಕರ ಪದ್ಧತಿಯನ್ನು ಎಷ್ಟು ಉಳಿಸಿಕೊಳ್ಳಬೇಕು, ಹೊಸದಕ್ಕೆ ಎಷ್ಟು ಜಾಗ ಬಿಡಬೇಕು ಎಂಬ ಚರ್ಚೆ ಇಂಥ ಸಂಸ್ಥೆಯಲ್ಲಿ ಸಹಜ. ಕಂಕನಾಡಿ ಎರಡನ್ನೂ ಇಟ್ಟುಕೊಂಡಿತು. ಹೋಮಿಯೋಪಥಿ ಔಷಧಿ ತಯಾರಿಕೆ ನಿಲ್ಲಲಿಲ್ಲ, ಆಧುನಿಕ ಆಸ್ಪತ್ರೆಯೂ ಬೆಳೆಯಿತು.

1985ರಿಂದ ಈಚೆಗೆ

1985ರಲ್ಲಿ ಫಾದರ್ ಮುಲ್ಲರ್ ಹೋಮಿಯೋಪಥಿಕ್ ವೈದ್ಯಕೀಯ ಕಾಲೇಜು, 1999ರಲ್ಲಿ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜು ಆರಂಭವಾದವು. ನರ್ಸಿಂಗ್ ಶಿಕ್ಷಣವೂ ಜೊತೆಗೂಡಿತು. ಸಾವಿರಕ್ಕೂ ಹೆಚ್ಚು ಹಾಸಿಗೆಗಳ ಇಂದಿನ ಆಸ್ಪತ್ರೆಗೆ ಕರಾವಳಿ, ಕಾಸರಗೋಡು, ಮಲೆನಾಡುಗಳಿಂದ ರೋಗಿಗಳು ಬರುತ್ತಾರೆ. ಕುಷ್ಠದ ಕಥೆಯೂ ಬದಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದ ಮೇಲೆ ರೋಗ ಪೂರ್ತಿ ವಾಸಿಯಾಗುವಂಥದ್ದಾಯಿತು. 2005ರ ಕೊನೆಗೆ ಭಾರತ ರಾಷ್ಟ್ರಮಟ್ಟದಲ್ಲಿ ಅದರ ನಿರ್ಮೂಲನೆಯ ಗುರಿ ಮುಟ್ಟಿತು. 1890ರಲ್ಲಿ ತೆರೆದ ಆಶ್ರಯದ ಮೂಲ ಅಗತ್ಯವೇ ಕಡಿಮೆಯಾಗಿದೆ ಎಂಬುದು ಆ ಸೇವೆ ಕಂಡ ದೊಡ್ಡ ಗೆಲುವು.

ಘಟ್ಟದ ಮೇಲೆ, ನಮ್ಮ ಸೀಮೆಯಲ್ಲಿ

ಯೇಸು ಸಭೆಯ ಗುರುಗಳ ಹೆಜ್ಜೆ ಕರಾವಳಿಗಷ್ಟೇ ಸೀಮಿತವಲ್ಲ. ಬೆಳಗಾವಿಯಲ್ಲಿ 1856ರಲ್ಲಿ ಆರಂಭವಾದ ಸಂತ ಪಾಲರ ಶಾಲೆ ಅವರ ಕೈಯಲ್ಲೇ ಬೆಳೆದದ್ದು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ರೂಪುಗೊಂಡಾಗ ಧಾರವಾಡ ಸೀಮೆಯೂ ಅದರೊಳಗೆ ಬಂತು. ಗರಗದಿಂದ ಬಹಳ ದೂರವಿಲ್ಲದ ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಜೆಸ್ವಿಟ್ ಗುರುಗಳು ಕಾವಿಯುಟ್ಟು, ವಿರಕ್ತ ಮಠದ ರೀತಿಯಲ್ಲಿ ಸ್ನಾನಿಕ ಅರುಳಪ್ಪನವರ (ಅಂದರೆ ಸ್ನಾನಿಕ ಯೋಹಾನರ) ಹೆಸರಿನ ಮಠ ಕಟ್ಟಿಕೊಂಡು, ಲಿಂಗಾಯತ ಊರಿನ ನಡೆನುಡಿಗೆ ಹೊಂದಿಕೊಂಡು ಬಾಳಿದರು. ಮುಂಡಗೋಡ, ಮಾನ್ವಿಗಳಲ್ಲಿ ಲೊಯೋಲರ ಹೆಸರಿನ ಸಂಸ್ಥೆಗಳು ಹಿಂದುಳಿದವರ ಮಕ್ಕಳ ಓದಿಗೆ ದುಡಿಯುತ್ತಿವೆ. ಮಂಗಳೂರಿನಲ್ಲಿ ಗುಳಿಗೆಯ ಪೆಟ್ಟಿಗೆ ಹಿಡಿದು ಜನರ ಬಳಿ ಹೋದದ್ದೂ ದೇಶನೂರಿನಲ್ಲಿ ಕಾವಿಯುಟ್ಟದ್ದೂ ಒಂದೇ ಮನಸ್ಸಿನ ಕೆಲಸ. ಹೋದ ಊರಿಗೆ ಏನು ಬೇಕೋ ಅದನ್ನು ತಾವು ಕಲಿತುಕೊಳ್ಳುವುದು ಆ ಮನಸ್ಸು.

ಮುಂದಿನ ಹೊಣೆ

ನೂರೈವತ್ತರ ಹೊತ್ತಿಗೆ ಸಂಸ್ಥೆಯೊಂದು ತನ್ನ ಕಟ್ಟಡಗಳನ್ನೂ ಪದವೀಧರರನ್ನೂ ಹೆಮ್ಮೆಯಿಂದ ಎಣಿಸುವುದು ಸರಿಯೇ. ಅದರ ಜೊತೆಗೆ ಎರಡು ಕೆಲಸಗಳು ಬಾಕಿಯಿವೆ. ಮೊದಲನೆಯದು ದಾಖಲೆಯದು. ಫಾದರ್ ಮುಲ್ಲರರ ಪುಸ್ತಿಕೆಗಳನ್ನು, ಪತ್ರಗಳನ್ನು, ಔಷಧಾಲಯದ ಹಳೆಯ ಲೆಕ್ಕಪತ್ರಗಳನ್ನು ಕಲೆಹಾಕಿ ಅವರ ಸಮಗ್ರ ಚರಿತ್ರೆಯನ್ನು ಕನ್ನಡದಲ್ಲಿ ತರಬೇಕು. ಘಟ್ಟದ ಮೇಲಿನವರೂ ಓದುವಂತಾಗಬೇಕು. ಕುಷ್ಠದ ಮನೆಯಲ್ಲಿ ದುಡಿದು ಹೆಸರಿಲ್ಲದೆ ಹೋದ ಸಿಸ್ಟರುಗಳಿಗೂ ಕೆಲಸಗಾರರಿಗೂ ಅದರಲ್ಲಿ ಪುಟಗಳಿರಬೇಕು.

ಎರಡನೆಯದು ಇದಕ್ಕಿಂತ ಕಷ್ಟದ್ದು. ವೈದ್ಯಕೀಯ ಶಿಕ್ಷಣ, ಯಂತ್ರೋಪಕರಣ, ವಿಮೆಗಳ ಈ ಕಾಲದಲ್ಲಿ ಚಿಕಿತ್ಸೆಯ ಖರ್ಚು ಮಧ್ಯಮ ವರ್ಗದ ಮನೆಗಳನ್ನೂ ಅಲುಗಾಡಿಸುತ್ತಿದೆ. ಅನುಕೂಲಸ್ಥರಿಂದ ಬಂದದ್ದನ್ನು ಬಡವರ ಮದ್ದಿಗೆ ತಿರುಗಿಸುವ ಮುಲ್ಲರರ ಲೆಕ್ಕಾಚಾರ 1880ಕ್ಕಿಂತ ಇಂದು ಹೆಚ್ಚು ಬೇಕಾಗಿದೆ. ಅವರು ಔಷಧಾಲಯಕ್ಕೆ ಇಟ್ಟ ಮೊದಲ ಹೆಸರಿನಲ್ಲಿಯೇ ಬಡವರಿದ್ದರು. ಇಂದು ಕಂಕನಾಡಿಯಲ್ಲಿ ಓದುವ ಯುವ ವೈದ್ಯರು ಆ ಹೆಸರನ್ನು ತಮ್ಮ ವೃತ್ತಿಯ ಮೊದಲ ಪಾಠವಾಗಿ ಇಟ್ಟುಕೊಳ್ಳಲಿ. ಸಂಸ್ಥೆ ತನ್ನ ಪ್ರತಿ ವರ್ಷದ ಆಯವ್ಯಯದಲ್ಲಿ ಬಡವರ ಪಾಲನ್ನು ಮೊದಲು ಎತ್ತಿಟ್ಟು ಆಮೇಲೆ ಉಳಿದದ್ದನ್ನು ಬರೆಯಲಿ. ವ್ರತ ತೊಟ್ಟವರು ಆರಂಭಿಸಿದ ಕೆಲಸಕ್ಕೆ ಸಲ್ಲಬೇಕಾದ ಗೌರವ ಇದು. ಜುಬಿಲಿಯ ವರ್ಷ ಅದನ್ನು ಸಲ್ಲಿಸಲು ಒಳ್ಳೆಯ ಸಮಯ.